ಮಂಡಳಿಯ ಸ್ವತ್ತಾದ ಒಂದು ರೆಪ್ಪೆ

ನಮ್ಮ ನೀರು ಸರಬರಾಜು ಮಂಡಳಿಯ ದೂರು ಶಾಖೆಯಲ್ಲಿ ಕರ್ತವ್ಯ ನಿರ್ವಹಿಸುತ್ತಿರುವ ಹಿರಿಯ ಗುಮಾಸ್ತರ ಎಡಗಣ್ಣಿನ ಕೆಳರೆಪ್ಪೆಯು, ಕಚೇರಿಯ ವೇಳೆಯಲ್ಲಿ, ಸಂಬಂಧಪಟ್ಟವರ ಪೂರ್ವಾನುಮತಿ ಪಡೆಯದೆ ಅದುರಲು ಆರಂಭಿಸಿತು. ಇದು ಸತ್ಯ ಸಂಗತಿ. ಮಂಡಳಿಯ ಪ್ರಕಟಣೆಗಳನ್ನು ಬರೆಯುವ ಕೆಲಸ ನನ್ನದಾದ್ದರಿಂದ ಸತ್ಯ ಸಂಗತಿಗಳ ಅಭ್ಯಾಸ ನನಗೆ ಅಷ್ಟಾಗಿ ಇಲ್ಲ. ಆದರೂ ಗುಮಾಸ್ತರ ಎದುರು ಮೇಜು ನನ್ನದೇ ಆಗಿರುವುದರಿಂದ ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ದೂರು ಶಾಖೆ ಅಂದರೆ ಒಂದು ಕೋಣೆ, ಒಂದು ಫ್ಯಾನು, ಎರಡು ಫೋನು. ಫ್ಯಾನು ತಿರುಗುವುದಿಲ್ಲ, ಫೋನುಗಳು ನಿಲ್ಲುವುದಿಲ್ಲ. ನೀರು ಬಂದಿಲ್ಲ ಎಂದು ಊರಿನವರು ಬೈಯುತ್ತಾರೆ. “ಗಮನಕ್ಕೆ ತೆಗೆದುಕೊಳ್ಳಲಾಗಿದೆ” ಎಂದು ಗುಮಾಸ್ತರು ಹೇಳುತ್ತಾರೆ. ಗಮನಕ್ಕೆ ತೆಗೆದುಕೊಂಡದ್ದನ್ನು ಆಮೇಲೆ ಎಲ್ಲಿ ಇಡಬೇಕು ಎಂಬುದಕ್ಕೆ ನಿಯಮವಿಲ್ಲ. ಬಹುಶಃ ಇಷ್ಟು ವರ್ಷ ಅವರು ಅದನ್ನೆಲ್ಲ ಎಡಗಣ್ಣಿನ ಕೆಳಗೆ ಇಟ್ಟುಕೊಂಡು ಬಂದಿದ್ದರು ಅನಿಸುತ್ತದೆ.

ಅದುರುವುದು ಶುರುವಾದ ಮೇಲೆ ಸಹೋದ್ಯೋಗಿಗಳು ಸುಮ್ಮನಿರಲಿಲ್ಲ. ಪ್ರತಿಯೊಬ್ಬರಿಗೂ ರೆಪ್ಪೆ ಅದುರಿ ವಾಸಿಯಾದ ಒಬ್ಬ ಭಾವಮೈದುನ ಇದ್ದ. ಒಬ್ಬರು ತಣ್ಣೀರು ಚಿಮುಕಿಸಿ ಅಂದರು. ನೀರು ಸರಬರಾಜು ಮಂಡಳಿಯಲ್ಲಿ ನೀರಿರಲಿಲ್ಲ. ಇನ್ನೊಬ್ಬರು ಕಾಗದದ ಚೂರೊಂದನ್ನು ಎಂಜಲು ಹಚ್ಚಿ ರೆಪ್ಪೆಗೆ ಅಂಟಿಸಿದರು. ರೆಪ್ಪೆಯ ಜೊತೆ ಕಾಗದವೂ ಅದುರತೊಡಗಿ, ನೋಡುವವರಿಗೆ ಮೊದಲಿಗಿಂತ ಚೆನ್ನಾಗಿ ಕಾಣಿಸಿತು.

ಇಷ್ಟೇ ಆಗಿದ್ದರೆ ಗುಮಾಸ್ತರು ಸಹಿಸಿಕೊಳ್ಳುತ್ತಿದ್ದರು. ಸಹಿಸಿಕೊಳ್ಳುವುದಕ್ಕೆ ಬಡ್ತಿ ಕೊಡುವುದಾಗಿದ್ದರೆ ಈ ಹೊತ್ತಿಗೆ ಮಂಡಳಿಯ ಅಧ್ಯಕ್ಷರಾಗಿರುತ್ತಿದ್ದರು. ಆದರೆ ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗಿತ್ತು. ಹುಡುಗನ ಮನೆಯವರದು ಏರುರಸ್ತೆಯ ಮೇಲ್ತುದಿಯಲ್ಲಿ ಲಾಂಡ್ರಿ. ಅದನ್ನು ನಡೆಸುವವಳು ಹುಡುಗನ ತಾಯಿ. ಎದುರಿಗೆ ಬಂದವರ ಮುಖ ನೋಡುವ ಮೊದಲು ಕಾಲರ್ ನೋಡುವ ಹೆಂಗಸು. ಆಕೆ ಮನೆ ನೋಡಲು ಬಂದ ದಿನ ಗುಮಾಸ್ತರು ಇದ್ದುದರಲ್ಲೇ ಒಳ್ಳೆಯ ಅಂಗಿ ಹಾಕಿಕೊಂಡು ಎದುರು ಕೂತರು. ಆಕೆ ಕಾಲರ್ ನೋಡಿ ಮೆಚ್ಚಿ, ಆಮೇಲೆ ಮುಖ ನೋಡಿದಳು. ಗುಮಾಸ್ತರ ಎಡಗಣ್ಣು ಆಕೆಗೆ ಹೊಡೆಯಿತು. ಆಕೆ ಟೀ ಕಪ್ಪು ಕೆಳಗಿಟ್ಟಳು. ಅದು ಮತ್ತೆ ಹೊಡೆಯಿತು.

“ಏನ್ರೀ ಅಮ್ಮಾ, ನಿಮ್ಮ ಯಜಮಾನ್ರು ನಂಗೆ ಕಣ್ಣು ಹೊಡೀತಿದ್ದಾರಲ್ಲ?” ಎಂದಳು ಗುಮಾಸ್ತರ ಹೆಂಡತಿಗೆ.

“ಅಯ್ಯೋ, ಇಲ್ಲ! ಅದು ತಾನಾಗೇ ಹೊಡ್ಕೊಳ್ಳುತ್ತೆ. ನಂಗೆ ಅವರು ಒಂದಿನಾನೂ ಹೊಡೆದಿಲ್ಲ.”

“ಅದು ನಿಮ್ಮ ಮನೆ ವಿಷಯ. ಮೊದಲು ಆ ಕಣ್ಣು ನಿಲ್ಲಲಿ. ತಿಂಗಳ ಕೊನೆಗೆ ಬಂದು ನೋಡ್ತೀನಿ. ನಿಂತಿದ್ರೆ ಮಾತು ಮುಂದುವರಿಸೋಣ.”

ಮಗಳು ಒಳಕೋಣೆಯಿಂದ ಇದನ್ನು ಕೇಳಿಸಿಕೊಂಡು, ಹೊರಗೆ ಬಂದು ಟೀ ಕಪ್ಪುಗಳನ್ನು ಎತ್ತಿಕೊಂಡು ಹೋದಳು. ಅದೇ ಗುಮಾಸ್ತರಿಗೆ ಚುಚ್ಚಿತು. ಮರುದಿನವೇ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, “ಕಣ್ಣಿಗೇನೂ ಆಗಿಲ್ಲ. ನಿದ್ದೆ ಸಾಲದು, ಟೀ ಜಾಸ್ತಿ, ಚಿಂತೆ ಜಾಸ್ತಿ. ರಜೆ ಹಾಕಿ ಕಣ್ತುಂಬ ನಿದ್ದೆ ಮಾಡಿ,” ಅಂದರು.

“ಮಾತ್ರೆ ಏನಾದ್ರೂ ಕೊಡ್ತೀರಾ ಡಾಕ್ಟ್ರೇ?”

“ಮಾತ್ರೆ ಯಾಕ್ರೀ? ದಿಂಬು ಇದ್ರೆ ಸಾಕು.”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಗುಮಾಸ್ತರು ಅಂದೇ ರಜೆಗೆ ಅರ್ಜಿ ಹಾಕಿದರು.

ಇಲ್ಲಿ ಮಂಡಳಿಯ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಕಟ್ಟಡದ ನೆಲಮಾಳಿಗೆಯಲ್ಲಿ ಪಂಪಿನ ಕೋಣೆ ಇದೆ. ಅಲ್ಲಿ ಗೋಡೆಗೆ ಗಾಜಿನ ಮುಖದ ಒಂದು ಒತ್ತಡ ಮಾಪಕವಿದೆ. ಟ್ಯಾಂಕು ತುಂಬಿ ಒತ್ತಡ ಏರಿದಾಗ ಅದರ ಮುಳ್ಳು ಅದುರುತ್ತದೆ. ಮುಳ್ಳು ಅದುರಿದಾಗ ವಾಲ್ವ್‌ಮನ್ ದೊಡ್ಡ ಚಕ್ರವನ್ನು ತಿರುಗಿಸಿ ಊರಿಗೆ ನೀರು ಬಿಡಬೇಕು. ಅದುರದೆ ಬಿಡುವಂತಿಲ್ಲ, ಬಿಟ್ಟರೆ ಅಮಾನತು. ಸದಾ ಚಕ್ರ ಹಿಡಿದಿರುವುದರಿಂದ ನಮ್ಮ ವಾಲ್ವ್‌ಮನ್ನನ್ನು ನಾವೆಲ್ಲ ಚಕ್ರಪಾಣಿ ಎಂದೇ ಕರೆಯುವುದು. ಸೇವೆಗೆ ಸೇರಿದಂದಿನಿಂದ ಅವನು ಮಾಡಿದ್ದು ಎರಡೇ ಕೆಲಸ, ಅದುರುವುದನ್ನು ನೋಡುವುದು ಮತ್ತು ತಿರುಗಿಸುವುದು. ಯೋಚಿಸುವ ಕೆಲಸ ಬೇರೆಯವರಿಗೆ ಹಂಚಿಕೆಯಾಗಿತ್ತು, ಅವರು ಯಾರೆಂದು ಇನ್ನೂ ಗೊತ್ತಾಗಿಲ್ಲ.

ಆ ಮುಳ್ಳು ತುಕ್ಕು ಹಿಡಿದು ನಿಂತುಹೋಯಿತು. ಹೊಸ ಮಾಪಕವನ್ನು ತರಿಸಲಾಗುತ್ತಿದೆ ಎಂದು ನಾನು ಪ್ರಕಟಣೆ ಬರೆದೆ. ತರಿಸಲಾಗುತ್ತಿದೆ ಎಂಬ ಪದ ಬಹಳ ಬಾಳಿಕೆ ಬರುತ್ತದೆ. ಟ್ಯಾಂಕು ತುಂಬಿ ತುಳುಕುತ್ತಿತ್ತು. ಊರು ಒಣಗಿತ್ತು. ಫೋನುಗಳು ಬಡಕೊಳ್ಳುತ್ತಿದ್ದವು, ಗುಮಾಸ್ತರ ರೆಪ್ಪೆಗೆ ಬಿಡುವೇ ಇರಲಿಲ್ಲ.

ಮಾಡಲು ಕೆಲಸವಿಲ್ಲದೆ ಬೇಸತ್ತ ಚಕ್ರಪಾಣಿ ಒಂದು ಬೆಳಿಗ್ಗೆ ಟೀ ಕುಡಿಯಲು ದೂರು ಶಾಖೆಗೆ ಬಂದು, ಗುಮಾಸ್ತರ ಎದುರಿನ ಸ್ಟೂಲಿನಲ್ಲಿ ಕೂತ. ಫೋನು ಹೊಡೆದುಕೊಂಡಿತು. ರೆಪ್ಪೆ ಅದುರಿತು. ಚಕ್ರಪಾಣಿ ಕಪ್ಪು ಕೆಳಗಿಟ್ಟ, ಎದ್ದ, ಮೆಟ್ಟಿಲಿಳಿದ, ಚಕ್ರ ತಿರುಗಿಸಿದ. ಊರಿನ ನಲ್ಲಿಗಳೆಲ್ಲ ಒಮ್ಮೆ ಕೆಮ್ಮಿ ನೀರು ಸುರಿಸಿದವು.

ಸಂಜೆಯೊಳಗೆ ಅವನನ್ನು ದೊಡ್ಡ ಸಾಹೇಬರು, ಅಂದರೆ ನಮ್ಮ ಮುಖ್ಯ ಎಂಜಿನಿಯರು, ವಿಚಾರಣೆಗೆ ಕರೆಸಿದರು. ಟಿಪ್ಪಣಿ ಬರೆದುಕೊಳ್ಳಲು ನಾನಿದ್ದೆ.

“ಯಾವ ಆಧಾರದ ಮೇಲೆ ಚಕ್ರ ತಿರುಗಿಸಿದೆ?”

“ಅದುರಿತು ಸಾರ್.”

“ಮುಳ್ಳು ಸರಿಹೋಯ್ತಾ?”

“ಮುಳ್ಳಲ್ಲ ಸಾರ್. ಮೇಲಿನ ಗುಮಾಸ್ತರ ರೆಪ್ಪೆ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಹೇಗೆ ಅದುರಿತು?”

“ಮುಳ್ಳು ಅದುರೋ ಹಾಗೇ ಸಾರ್. ಏನೂ ಕಮ್ಮಿ ಇಲ್ಲ.”

“ನೀರು ಬಂತಾ?”

“ಊರಿಗೆಲ್ಲ ಬಂತು ಸಾರ್.”

“ಅಂದ್ಮೇಲೆ ನಿನ್ನ ತಪ್ಪೇನಿದೆ?” ಎಂದರು ಸಾಹೇಬರು. ಅವರ ಮುಖದಲ್ಲಿ ನಾನು ಅಷ್ಟು ನೆಮ್ಮದಿ ಕಂಡಿರಲಿಲ್ಲ. ಮಾಪಕ ಕೆಟ್ಟು ಕೂತದ್ದಕ್ಕೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರೇ. ಈಗ ಮಾಪಕ ಸಿಕ್ಕಿತ್ತು, ಖರ್ಚಿಲ್ಲದೆ. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ತಲೆಯಾಡಿಸಿ ನನಗೆ ಆದೇಶ ಬರೆಸಿದರು. ಅದು ಹೀಗಿತ್ತು:

“ಹೊಸ ಮಾಪಕ ಒದಗುವವರೆಗೆ, ದೂರು ಶಾಖೆಯ ಹಿರಿಯ ಗುಮಾಸ್ತರ ಎಡಗಣ್ಣಿನ ಕೆಳರೆಪ್ಪೆಯನ್ನು (ಇನ್ನು ಮುಂದೆ ‘ಸದರಿ ರೆಪ್ಪೆ’) ಮಂಡಳಿಯ ಅಧಿಕೃತ ಒತ್ತಡ ಮಾಪಕವೆಂದು ಪರಿಗಣಿಸತಕ್ಕದ್ದು. ಸದರಿ ರೆಪ್ಪೆಯು ಅದುರಿದಾಗ ನೀರು ಬಿಡತಕ್ಕದ್ದು. ಅದುರದಿದ್ದಲ್ಲಿ ಬಿಡತಕ್ಕದ್ದಲ್ಲ. ಉಳಿದ ಮೂರು ರೆಪ್ಪೆಗಳಿಗೆ ಈ ಆದೇಶವು ಅನ್ವಯಿಸುವುದಿಲ್ಲ.”

ಗುಮಾಸ್ತರ ರಜೆಯ ಅರ್ಜಿ ಅದೇ ದಿನ ವಾಪಸಾಯಿತು. ಅದರ ಮೇಲಿನ ಷರಾ ಕೂಡ ನನ್ನದೇ, ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ: “ಮಾಪಕಗಳಿಗೆ ರಜೆ ಮಂಜೂರು ಮಾಡಲು ನಿಯಮಗಳಲ್ಲಿ ಅವಕಾಶವಿಲ್ಲ. ಗುಮಾಸ್ತರು ರಜೆಯ ಮೇಲೆ ತೆರಳಲು ಅಭ್ಯಂತರವಿಲ್ಲ; ಸದರಿ ರೆಪ್ಪೆಯನ್ನು ಕಚೇರಿಯಲ್ಲಿ ಬಿಟ್ಟು ಹೋಗತಕ್ಕದ್ದು.”

ಮಾರನೆಯ ದಿನ ಸ್ಟೋರ್ ಕೀಪರು ಬಿಳಿ ಬಣ್ಣದ ಡಬ್ಬಿ ಮತ್ತು ಕುಂಚ ಹಿಡಿದು ಬಂದರು.

“ಎಲ್ಲಿ ಬರೀಲಿ ಹೇಳಿ.”

“ಏನನ್ನ?” ಎಂದರು ಗುಮಾಸ್ತರು.

“ನಂಬರು. ಮಂಡಳಿ ಸ್ವತ್ತು ಅಂದ್ಮೇಲೆ ನಂಬರು ಬೇಡ್ವಾ? ನೀವು ಕೂತಿರೋ ಕುರ್ಚಿಗಿಲ್ವಾ?”

“ನನ್ನ ಮುಖಕ್ಕೆ ಬಣ್ಣ ಬಳೀತೀರೇನ್ರೀ?”

“ರೆಪ್ಪೆ ಮೇಲೆ ಜಾಗ ಸಾಲಲ್ಲ, ನಂಗೂ ಗೊತ್ತು. ಹಣೆ ಮೇಲೆ ಬರೀತೀನಿ. ಅಗಲವಾಗಿದೆ.”

ಹಣೆಯ ಮೇಲೆ ಒಮ್ಮೆ ಬರೆದದ್ದನ್ನು ಅಳಿಸಲು ಯಾರಿಂದಲೂ ಆಗದು ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಕೊನೆಗೆ ಗುಮಾಸ್ತರ ಕನ್ನಡಕದ ಎಡಗಡೆಯ ಕಡ್ಡಿಯ ಮೇಲೆ ಬರೆಯುವುದೆಂದು ರಾಜಿಯಾಯಿತು. ಕನ್ನಡಕವನ್ನು ಸ್ವತ್ತಿನ ಪೆಟ್ಟಿಗೆ ಎಂದು ನಮೂದಿಸಲಾಯಿತು.

ಒಂದಷ್ಟು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಚಕ್ರಪಾಣಿ ಸ್ಟೂಲಿನ ಮೇಲೆ ಕೂತು ರೆಪ್ಪೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಮಾಪಕ ಸಂಜೆ ಮನೆಗೆ ಹೋಗುವುದರಿಂದ ಅವನೂ ಸೈಕಲ್ಲಿನಲ್ಲಿ ಹಿಂದೆ ಹೋಗಿ, ಗುಮಾಸ್ತರ ಮನೆಯ ಕಿಟಕಿಯ ಹೊರಗೆ ಕೂರುತ್ತಿದ್ದ. ಗುಮಾಸ್ತರ ಹೆಂಡತಿ ಮೊದಮೊದಲು ಬೈದು, ಆಮೇಲೆ ಅವನಿಗೂ ಒಂದು ತಟ್ಟೆ ಊಟ ಇಡತೊಡಗಿದರು. ಊಟ ಮಾಡುವಾಗಲೂ ಅವನು ತಟ್ಟೆ ನೋಡುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಒಂದು ಭಾನುವಾರದ ನಂತರ. ಅಂದು ಹೆಂಡತಿ ಕದ ಕಿಟಕಿ ಹಾಕಿ, ಗಂಡನನ್ನು ಬಲವಂತವಾಗಿ ಮಲಗಿಸಿದ್ದರು. ಸೋಮವಾರ ಗುಮಾಸ್ತರು ನಗುನಗುತ್ತಾ ಕಚೇರಿಗೆ ಬಂದರು. ಫೋನು ಎಷ್ಟು ಕಿರುಚಿದರೂ ರೆಪ್ಪೆ ಅಲುಗಲಿಲ್ಲ. ಊರಿಗೆ ನೀರಿಲ್ಲ. ಸಾಹೇಬರ ಹೆಂಡತಿಯ ಗುಲಾಬಿ ಗಿಡಗಳು ಮಧ್ಯಾಹ್ನದ ಹೊತ್ತಿಗೆ ತಲೆ ಬಾಗಿಸಿದ್ದು ವಿಷಯದ ಗಾಂಭೀರ್ಯವನ್ನು ಮಂಡಳಿಗೆ ಮನವರಿಕೆ ಮಾಡಿಕೊಟ್ಟಿತು. ತುರ್ತು ಸಭೆ ಸೇರಿ, ಮಾಪಕದ ನಿರ್ವಹಣೆಗೆ ಒಬ್ಬ ಚಿಂತಾಧಿಕಾರಿಯನ್ನು ನೇಮಿಸಲಾಯಿತು.

ಚಿಂತಾಧಿಕಾರಿ ಆಗಿ ಬಂದವರು ಕಂದಾಯ ವಸೂಲಿಯಲ್ಲಿ ಕೂದಲು ಹಣ್ಣಾಗಿಸಿಕೊಂಡವರು. ಜನರಿಗೆ ಚಿಂತೆ ಹಚ್ಚುವುದರಲ್ಲಿ ಅವರಿಗಿದ್ದ ಅನುಭವ ಇನ್ನಾರಿಗೂ ಇರಲಿಲ್ಲ. ಸ್ವಭಾವದಲ್ಲಿ ಮಾತ್ರ ಬೆಣ್ಣೆ. ಗುಮಾಸ್ತರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು ಶುರುಮಾಡಿದರು.

“ನಮಸ್ಕಾರ. ಮನೆ ಸೋರುತ್ತಾ?”

“ಇಲ್ಲ ಸಾರ್.”

“ಸಾಲ?”

“ತೀರಿಸಿಬಿಟ್ಟೆ ಸಾರ್.”

“ಛೆ! ತಮ್ಮನ ಜೊತೆ ಜಗಳ ಗಿಗಳ?”

“ತಮ್ಮನೇ ಇಲ್ಲ.”

“ಎಂಥ ಮನುಷ್ಯರ್ರೀ ನೀವು! ಹೋಗ್ಲಿ, ಆರೋಗ್ಯ?”

“ಈ ಕಣ್ಣೊಂದು ಬಿಟ್ರೆ ಚೆನ್ನಾಗಿದೆ.”

“ಹಾಂ! ಕಣ್ಣು. ನಂಗೇನೋ ಇದು ಈ ಜನ್ಮದಲ್ಲಿ ವಾಸಿಯಾಗಲ್ಲ ಅನ್ಸುತ್ತೆ.”

ರೆಪ್ಪೆ ಸಣ್ಣಗೆ ಮಿಸುಕಿತು. ಚಕ್ರಪಾಣಿ ಸ್ಟೂಲಿನಿಂದ ಅರ್ಧ ಎದ್ದ.

“ಮಕ್ಕಳು?” ಎಂದರು ಚಿಂತಾಧಿಕಾರಿ, ಉಸಿರು ಬಿಗಿಹಿಡಿದು.

“ಒಬ್ಳೇ ಮಗಳು. ಮದುವೆ ಮಾತು ನಡೀತಿದೆ. ಆದ್ರೆ ಆ ಹುಡುಗನ ತಾಯಿ...”

ವಾಕ್ಯ ಮುಗಿಯುವ ಮೊದಲೇ ಚಕ್ರಪಾಣಿ ಮೆಟ್ಟಿಲ ಮೇಲಿದ್ದ. ಅಂದು ಊರಿನಲ್ಲಿ ಪಾತ್ರೆ ತುಂಬದ ಮನೆ ಇರಲಿಲ್ಲ. ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಗಳ ಮದುವೆಯ ಪ್ರಸ್ತಾಪ ಮಾಡುವುದೆಂದು ವೇಳಾಪಟ್ಟಿ ಹಾಕಲಾಯಿತು. “ಇನ್ನೂ ಕುದುರಲಿಲ್ವಾ?” ಎಂದು ಕೇಳಿ, ನಿಟ್ಟುಸಿರು ಬಿಟ್ಟು ಚಿಂತಾಧಿಕಾರಿ ಎದ್ದುಹೋಗುತ್ತಿದ್ದರು. ನಿಟ್ಟುಸಿರಿಗೆ ಅವರು ಪ್ರತ್ಯೇಕ ಭತ್ಯೆ ಕೇಳಿದ್ದಾರೆ, ಕಡತ ನಡೆಯುತ್ತಿದೆ.

ವಿಷಯ ಊರಿಗೆ ಗೊತ್ತಾದ ಮೇಲೆ ಜನ ಸುಮ್ಮನಿರುತ್ತಾರೆಯೇ? ತಂತಮ್ಮ ಬೀದಿಗೆ ನೀರು ಬೇಕಾದವರು ಕೆಟ್ಟ ಸುದ್ದಿಗಳನ್ನು ಹೊತ್ತುಕೊಂಡು ದೂರು ಶಾಖೆಗೆ ಸಾಲುಗಟ್ಟಿದರು. ಯಾರಿಗೂ ಕೆಟ್ಟ ಸುದ್ದಿಗೆ ಬರ ಇರಲಿಲ್ಲ. ಹೋಟೆಲಿನವನೊಬ್ಬ ಒಂದೇ ವಾರದಲ್ಲಿ ತನ್ನ ಅತ್ತೆಯನ್ನು ಎರಡು ಸಲ ಸಾಯಿಸಿದ. ಆಗ ನಾನು ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಬೇಕಾಯಿತು: “ಸಾರ್ವಜನಿಕರು ಗುಮಾಸ್ತರಿಗೆ ನೇರವಾಗಿ ಕೆಟ್ಟ ಸುದ್ದಿ ಹೇಳತಕ್ಕದ್ದಲ್ಲ. ಚಿಂತಾಧಿಕಾರಿಗಳ ಮುಖಾಂತರ ಸಲ್ಲಿಸತಕ್ಕದ್ದು. ಸಾವಿನ ಸುದ್ದಿಗಳಿಗೆ ಆದ್ಯತೆ ನೀಡಲಾಗುವುದು. ಒಬ್ಬ ವ್ಯಕ್ತಿ ಒಂದಕ್ಕಿಂತ ಹೆಚ್ಚು ಬಾರಿ ಸಾಯುವುದನ್ನು ಪರಿಗಣಿಸಲಾಗುವುದಿಲ್ಲ.”

ಗುಮಾಸ್ತರು ಸೊರಗಿಹೋದರು. ಕಚೇರಿಯ ಖರ್ಚಿನಲ್ಲಿ ಅವರಿಗೆ ಗಂಟೆಗೊಂದು ಕಡುಕಪ್ಪು ಟೀ ಕುಡಿಸುತ್ತಿದ್ದರು. ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಮೇಲೆ ಬಾಗಿ, ಮೆಲ್ಲಗೆ, “ತಿಂಗಳ ಕೊನೆ ಹತ್ರ ಬಂತು ಕಣ್ರೀ. ಆಕೆ ಬಂದಾಗ ಇದು ಹೀಗೇ ಕುಣೀತಿದ್ರೆ ನನ್ನ ಮಗಳ ಬದುಕು ನನ್ನ ಕೈಯಾರೆ ಹಾಳಾಗುತ್ತೆ,” ಅಂದರು. ನನಗೆ ನಿಜಕ್ಕೂ ಪಾಪ ಅನಿಸಿತು. ಆದರೆ ಅವರು ಹಾಗೆ ಅನ್ನುವಾಗ ರೆಪ್ಪೆ ಭರ್ಜರಿಯಾಗಿ ಅದುರಿದ್ದರಿಂದ, ನಮ್ಮ ಬೀದಿಗೂ ನೀರು ಬಂದಿರುತ್ತದೆ ಎಂಬ ಯೋಚನೆ ಜೊತೆಗೇ ಬಂದುಹೋಯಿತು. ಮನುಷ್ಯನ ಮನಸ್ಸು ಅಷ್ಟೇ.

ಅವರಿಗೆ ಸಹಾಯ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಊರಿನಲ್ಲಿ ಟ್ಯಾಂಕರ್ ನೀರು ಮಾರುವವನೊಬ್ಬನಿದ್ದ. ನಲ್ಲಿಯಲ್ಲಿ ನೀರು ಬಂದ ದಿನ ಅವನ ಮನೆಯಲ್ಲಿ ಸೂತಕ. ಆತ ಒಂದು ಹೊಸ ಹಾಸಿಗೆ, ಎರಡು ಮೆತ್ತನೆಯ ದಿಂಬು ಹೊರಿಸಿಕೊಂಡು ಗುಮಾಸ್ತರ ಮನೆಗೇ ಬಂದ.

“ಅಕ್ಕಾ, ಭಾವನವರು ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದಾರೆ ನೋಡಿ. ನನ್ನ ಹೊಟ್ಟೆ ಉರಿಯುತ್ತೆ. ಹಾಯಾಗಿ ಮಲಗ್ಲಿ. ಟೀ ಬದಲು ಹಾಲು ಕೊಡಿ, ಹಾಲು ನಾನೇ ಕಳಿಸ್ತೀನಿ.”

“ಅವನು ಯಾಕೆ ಕೊಡ್ತಿದ್ದಾನೆ ಗೊತ್ತೇನೇ?” ಎಂದರು ಗುಮಾಸ್ತರು ಆತ ಹೋದ ಮೇಲೆ.

“ಗೊತ್ತು. ನಿಮಗೆ ನಿದ್ದೆ ಬೇಕೋ, ಅವನ ಮನಸ್ಸು ಬೇಕೋ? ಹಾಸಿಗೆಗೆ ಏನಾದ್ರೂ ಗೊತ್ತಾಗುತ್ತಾ ಯಾರು ತಂದಿದ್ದು ಅಂತ?”

ಹೆಂಡತಿಯೇ ಕಚೇರಿಗೆ ಹೋಗಿ, ಗಂಡನಿಗೆ ಅಂಟುಜಾಡ್ಯ ಬಂದಿದೆ, ರೆಪ್ಪೆಗೂ ತಗಲಿದೆ ಎಂದು ಹೇಳಿ ಬಂದರು. ಸಾಹೇಬರು ಮೂಗು ಮುಚ್ಚಿಕೊಂಡು ಒಪ್ಪಿದರು. ಗುಮಾಸ್ತರು ಮಲಗಿದರು. ಹೇಗೆ ಮಲಗಿದರೆಂದರೆ, ಕಿಟಕಿಯ ಹೊರಗಿದ್ದ ಚಕ್ರಪಾಣಿಗೂ ಆಕಳಿಕೆ ಬಂತು. ಎದ್ದು ಉಂಡರು, ಮತ್ತೆ ಮಲಗಿದರು. ರೆಪ್ಪೆ ಕಲ್ಲಾಯಿತು. ಊರಿನ ನಲ್ಲಿಗಳೂ ಕಲ್ಲಾದವು. ಟ್ಯಾಂಕರುಗಳು ಬೀದಿ ಬೀದಿ ಓಡಿದವು. ಟ್ಯಾಂಕರಿನವನು ಎರಡು ಹೊಸ ಲಾರಿ ಕೊಂಡ. ಮಂಡಳಿಯಿಂದ ನಾನು, “ಮಾಪಕವನ್ನು ದುರುದ್ದೇಶದಿಂದ ಮಲಗಿಸುವುದು ದಂಡನೀಯ” ಎಂದು ಪ್ರಕಟಣೆ ಹೊರಡಿಸಿದೆ. ಅದನ್ನು ಓದಿ ಯಾರೂ ಎಚ್ಚರಗೊಳ್ಳಲಿಲ್ಲ.

ತಿಂಗಳ ಕೊನೆಯ ದಿನ ಲಾಂಡ್ರಿಯವಳು ಬಂದಳು. ಕಣ್ಣು ನಿಂತಿದೆ ಎಂಬುದಕ್ಕೆ ಮಂಡಳಿಯ ಕಡೆಯಿಂದ ಒಬ್ಬ ಸಾಕ್ಷಿ ಇರಲಿ ಎಂದು ಗುಮಾಸ್ತರ ಹೆಂಡತಿ ನನ್ನನ್ನೂ ಕರೆಸಿದ್ದರು. ಗುಮಾಸ್ತರು ಕೆನ್ನೆ ತುಂಬಿಕೊಂಡು, ಎಣ್ಣೆ ಹಚ್ಚಿದ ತಲೆ ಬಾಚಿಕೊಂಡು ಕೂತಿದ್ದರು. ಮಗಳು ಬಾಗಿಲ ಹತ್ತಿರ ನಿಂತಿದ್ದಳು.

“ನೋಡಿ, ಎಷ್ಟು ಹೊತ್ತಾದ್ರೂ ನೋಡಿ,” ಎಂದರು ಹೆಂಡತಿ, ಗಂಡನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುತ್ತಾ. “ಕದಲಲ್ಲ.”

ಲಾಂಡ್ರಿಯವಳು ಹತ್ತಿರ ಬಂದು ಬಗ್ಗಿ ನೋಡಿದಳು. ಅವಳ ಮುಖ ಬಿಳಚಿತು.

“ಅಯ್ಯಯ್ಯೋ! ನಿಂತೇ ಹೋಯ್ತಾ?”

“ನೀವೇ ನಿಲ್ಲಲಿ ಅಂದಿದ್ರಲ್ಲ?”

“ಆಗ ಇವರ ಕಣ್ಣಲ್ಲಿ ನೀರಿದೆ ಅಂತ ನಂಗೇನು ಗೊತ್ತಿತ್ತು? ಇಡೀ ಊರಿನ ಬಟ್ಟೆ ನಮ್ಮನೇಲಿ ರಾಶಿ ಬಿದ್ದಿದೆ. ಒಂದು ಚೊಂಬು ನೀರಿಲ್ಲ. ಆ ಟ್ಯಾಂಕರಿನವನು ಕೇಳೋ ದುಡ್ಡಿಗೆ ಹೊಸ ಬಟ್ಟೇನೇ ತಗೋಬಹುದು.” ಆಕೆ ಕುರ್ಚಿ ಎಳೆದುಕೊಂಡು ಗುಮಾಸ್ತರ ಮುಂದೆ ಕೂತಳು. ದನಿ ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. “ಬೀಗರೇ, ಒಂದೇ ಒಂದು ಸಲ ಹೊಡೀರಿ.”

ಬೀಗರೇ ಎಂಬ ಮಾತು ಕೇಳಿ ಗುಮಾಸ್ತರ ಹೆಂಡತಿಯ ಮುಖ ಅರಳಿತು. “ಹೊಡೀರೀ,” ಎಂದರು ಗಂಡನಿಗೆ. “ಅಷ್ಟು ಕೇಳ್ಕೋತಿದ್ದಾರೆ.”

ಗುಮಾಸ್ತರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಬೇಕೆಂದು ಕಣ್ಣು ಮಿಟುಕಿಸಿದರು. ಕಿಟಕಿಯಾಚೆಯಿಂದ ಚಕ್ರಪಾಣಿ, “ಅದು ಮಿಟುಕಿಸಿದ್ದು. ಅದುರಿದ್ದಲ್ಲ. ನಡೆಯಲ್ಲ,” ಎಂದ. ಹೆಂಡತಿ ನೆನಪಿದ್ದ ಕಷ್ಟಗಳನ್ನೆಲ್ಲ ಹೇಳಿದರು. ನಾನು, ಪಿಂಚಣಿ ನಿಯಮ ಬದಲಾಗುತ್ತಿದೆಯಂತೆ ಎಂದೆ. ಗುಮಾಸ್ತರು ಮುಗುಳ್ನಕ್ಕರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಚೆನ್ನಾಗಿ ನಿದ್ದೆ ಮಾಡಿದವನ ಮನೆಗೆ ಸಂತೆಯೇ ಎದ್ದು ಬಂದರೂ ಚಿಂತೆ ಹತ್ತುವುದಿಲ್ಲ ಎಂಬುದು ಅಂದು ನನಗೆ ತಿಳಿಯಿತು.

ಲಾಂಡ್ರಿಯವಳು ಎದ್ದಳು. “ಹೋಗ್ಲಿ ಬಿಡಿ. ನೀರಿಲ್ಲದ ಸಂಬಂಧ ಕಟ್ಕೊಂಡು ನಾನೇನು ಮಾಡ್ಲಿ? ನನ್ನ ಮಗನಿಗೆ ಬೇರೆ ಕಡೆ ನೋಡ್ತೀನಿ.” ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದಳು.

ಗುಮಾಸ್ತರು ಮಗಳ ಕಡೆ ನೋಡಿದರು. ಆ ಹುಡುಗಿ ಅಳಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದಳು, ಅಷ್ಟೇ. ಅಪ್ಪನ ಮುಖದಿಂದ ಅಷ್ಟೂ ದಿನದ ನಿದ್ದೆ ಒಂದೇ ಕ್ಷಣಕ್ಕೆ ಇಳಿದುಹೋಯಿತು. ಎಡಗಣ್ಣಿನ ಕೆಳರೆಪ್ಪೆ ಒಮ್ಮೆ ಎಳೆದುಕೊಂಡು, ಆಮೇಲೆ ತಡೆಯಿಲ್ಲದೆ ಅದುರತೊಡಗಿತು.

“ಬಂತು!” ಎಂದು ಕಿಟಕಿಯಾಚೆ ಕೂಗಿದ್ದೂ, ಸೈಕಲ್ ಬೀದಿಗೆ ಇಳಿದದ್ದೂ ಒಟ್ಟಿಗೆ ಕೇಳಿಸಿತು. ಲಾಂಡ್ರಿಯವಳು ಚಪ್ಪಲಿ ಕಳಚಿ ಒಳಗೆ ಬಂದು, ಗುಮಾಸ್ತರ ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು. ಮದುವೆ ಗೊತ್ತಾಯಿತು. ಕಣ್ಣಿಗೆ ಇನ್ನು ಮುಂದೆ ಯಾವ ಚಿಕಿತ್ಸೆಯನ್ನೂ ಮಾಡಿಸಕೂಡದು ಎಂಬುದೊಂದೇ ಗಂಡಿನ ಕಡೆಯ ಬೇಡಿಕೆ. ಗುಮಾಸ್ತರು ಒಪ್ಪಿದರು. ಹಾಸಿಗೆ ವಾಪಸು ಹೋಯಿತು.

ಮದುವೆಗೆ ಸ್ವಲ್ಪ ಮೊದಲು ಹೊಸ ಮಾಪಕ ನಿಜವಾಗಿ ಬಂತು. ಯಾರೂ ನಂಬಲಿಲ್ಲ. ಗೋಡೆಗೆ ಕೂರಿಸಿ, ಪಕ್ಕದಲ್ಲೇ ಗುಮಾಸ್ತರನ್ನೂ ಕೂರಿಸಿ, ಎರಡನ್ನೂ ತಾಳೆ ನೋಡಲಾಯಿತು. ಟ್ಯಾಂಕು ತುಂಬಿದಾಗ ಮುಳ್ಳು ಅದುರಿತು, ರೆಪ್ಪೆ ಸುಮ್ಮನಿತ್ತು. ಚಿಂತಾಧಿಕಾರಿ, “ಮದುವೆ ಖರ್ಚಿಗೆ ಏನು ಮಾಡ್ಕೊಂಡ್ರಿ?” ಎಂದು ಕೇಳಿದಾಗ ರೆಪ್ಪೆ ಅದುರಿತು, ಮುಳ್ಳು ಸುಮ್ಮನಿತ್ತು. ಮಾಪಕ ದೋಷಪೂರಿತವಾಗಿದೆ ಎಂದು ಸಾಹೇಬರು ತೀರ್ಮಾನಿಸಿದರು. ಅದೀಗ ಸ್ಟೋರಿನ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ತಡೆದು ನಿಲ್ಲಿಸುವ ಕೆಲಸವನ್ನು ತೃಪ್ತಿಕರವಾಗಿ ನಿರ್ವಹಿಸುತ್ತಿದೆ.

ಮದುವೆ ಆಯಿತು. ಮಗಳು ಏರುರಸ್ತೆಯ ಮನೆಗೆ ಹೋದಳು, ಅಲ್ಲಿ ಸುಖವಾಗಿದ್ದಳು. ಮಂಡಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಆಗಲೇ. ಗುಮಾಸ್ತರಿಗೆ ಚಿಂತಿಸಲು ಏನೂ ಉಳಿಯಲಿಲ್ಲ. ಚಿಂತಾಧಿಕಾರಿಯ ನಿಟ್ಟುಸಿರುಗಳು ವ್ಯರ್ಥವಾದವು. ನಲ್ಲಿಗಳು ಮತ್ತೆ ಒಣಗಿದವು. ಕೊನೆಗೆ ಸಾಹೇಬರೇ ಖುದ್ದಾಗಿ, ನನ್ನನ್ನೂ ಕರೆದುಕೊಂಡು, ಲಾಂಡ್ರಿಗೆ ಹೋದರು.

“ನೋಡಿ ಅಮ್ಮಾ, ಸಾರ್ವಜನಿಕ ಹಿತದೃಷ್ಟಿಯಿಂದ ಒಂದು ವಿನಂತಿ. ಸೊಸೇನ ಸ್ವಲ್ಪ ಗೋಳುಹೊಯ್ಕೊಳ್ಳಬೇಕು. ಜಾಸ್ತಿ ಬೇಡ. ಮಿತವಾಗಿ.”

“ನಂಗೆ ಅವಳ ಮೇಲೆ ಸಿಟ್ಟೇ ಬರಲ್ಲ ಸಾರ್. ಇಸ್ತ್ರಿ ಎಷ್ಟು ಚೆನ್ನಾಗಿ ಮಾಡ್ತಾಳೆ ಗೊತ್ತಾ!” ಎಂದಳು ಲಾಂಡ್ರಿಯವಳು. ಬಟ್ಟೆಯ ರಾಶಿ ನೋಡಿದಳು, ಒಣಗಿದ ತೊಟ್ಟಿ ನೋಡಿದಳು. “ಸರಿ. ಅವಳ ಕೈಲಿ ಫೋನು ಮಾಡಿಸ್ತೀನಿ.”

ಅಂದಿನಿಂದ ದಿನಾ ಬೆಳಿಗ್ಗೆ ದೂರು ಶಾಖೆಗೆ ಮಗಳ ಫೋನು. “ಅಪ್ಪಾ, ಅತ್ತೆ ಬೈದ್ರು... ಅಪ್ಪಾ, ಅತ್ತೆ ಊಟ ಹಾಕ್ಲಿಲ್ಲ...” ಹಿಂದಿನಿಂದ ಅತ್ತೆಯ ಪಿಸುಮಾತೂ ಕೇಳಿಸುತ್ತಿತ್ತು: “ಇನ್ನೂ ಸ್ವಲ್ಪ ಅಳು, ತೊಟ್ಟಿ ದೊಡ್ಡದಿದೆ.” ಆಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಗುವುದೂ ಕೇಳಿಸುತ್ತಿತ್ತು. ಗುಮಾಸ್ತರೂ ನಗುತ್ತಿದ್ದರು. ರೆಪ್ಪೆ ಒಂದಿಷ್ಟು ಅದುರಿದ ಹಾಗೆ ಮಾಡಿ ಸುಮ್ಮನಾಗುತ್ತಿತ್ತು. ನೀರು ಬೆರಳಿನಷ್ಟು ಸಣ್ಣಗೆ ಬಂದು ನಿಲ್ಲುತ್ತಿತ್ತು.

ಒಂದು ದಿನ ಅತ್ತೆ ಸಾಬೂನು ತರಲು ಪೇಟೆಗೆ ಹೋಗಿದ್ದಳು. ಹೇಳಿಕೊಡುವವರು ಇಲ್ಲದೆ ಮಗಳಿಗೆ ಸುಳ್ಳು ನೆನಪಾಗಲಿಲ್ಲ. “ಏನಿಲ್ಲಪ್ಪಾ. ಚೆನ್ನಾಗಿದ್ದೀನಿ,” ಎಂದು ಇಟ್ಟುಬಿಟ್ಟಳು.

ಗುಮಾಸ್ತರು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. “ಚೆನ್ನಾಗಿದ್ದೀನಿ ಅಂದ್ಳು,” ಎಂದರು ನನಗೆ. “ಹಾಗ್ಯಾಕೆ ಅಂದ್ಳು?” ರೆಪ್ಪೆ ಅದುರಿತು. ಮಧ್ಯಾಹ್ನದ ಊಟ ಹಾಗೇ ಉಳಿಯಿತು, ರೆಪ್ಪೆ ಅದುರುತ್ತಲೇ ಇತ್ತು. ಹೆಂಡತಿ ಏರುರಸ್ತೆಗೆ ಓಡಿಹೋಗಿ ನೋಡಿಕೊಂಡು ಬಂದು, ಮಗಳು ನಿಜವಾಗಿಯೂ ಚೆನ್ನಾಗಿದ್ದಾಳೆ, ಹಾಡು ಹೇಳಿಕೊಂಡು ಇಸ್ತ್ರಿ ಮಾಡುತ್ತಿದ್ದಾಳೆ ಎಂದು ಆಣೆ ಮಾಡಿ ಹೇಳಿದರೂ ಅದು ನಿಲ್ಲಲಿಲ್ಲ. ಅಂದು ಎಲ್ಲ ಬೀದಿಗಳಿಗೂ ನೀರು ಹೋಗಿ, ತೊಟ್ಟಿಗಳು ತುಂಬಿ, ಏರುರಸ್ತೆಯಿಂದ ಕೆಳಗೆ ಚರಂಡಿ ತುಂಬ ಸಾಬೂನಿನ ನೊರೆ ಹರಿಯಿತು.

ಮಂಡಳಿಯು ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ಬೈಗುಳದ ಕರೆಗಳನ್ನು ರದ್ದುಪಡಿಸಿದೆ. ಚಿಂತಾಧಿಕಾರಿಯ ಹುದ್ದೆಯನ್ನೂ ಕೈಬಿಡಲಾಗಿದೆ. ಈಗ ಮಗಳು ದಿನಾ ಬೆಳಿಗ್ಗೆ ಫೋನು ಮಾಡಿ, “ಚೆನ್ನಾಗಿದ್ದೀನಿ ಅಪ್ಪಾ,” ಅಷ್ಟೇ ಹೇಳುತ್ತಾಳೆ. ಊರಿನಲ್ಲಿ ನೀರಿಗೆ ಕೊರತೆ ಇರುವುದಿಲ್ಲ.